ಸೀಕ್ವೆಲ್ ಸರಣಿ, ಭಾಗ 4: ಇನ್‌ಕ್ರೆಡಿಬಲ್ಸ್ 2, ಮತ್ತೆ ಮನೇಲಿ ಉಳಿದ ಅಪ್ಪ

ಹೋದ ವಾರದ ಪೋಲ್‌ನಲ್ಲಿ ನಿಮ್ಮಲ್ಲಿ ತುಂಬಾ ಜನ "ಮೊದಲನೇದೇ ಬೆಸ್ಟ್" ಅಂತ ಒತ್ತಿದ್ರಿ. ನಾನೂ ಅದನ್ನೇ ಒತ್ತಿದ್ದೆ. ಆಮೇಲೆ ಭಾನುವಾರ ಎರಡನ್ನೂ ಮತ್ತೆ ನೋಡಿದೆ. ಈಗ ಅಷ್ಟು ಧೈರ್ಯವಾಗಿ ಒತ್ತಕ್ಕಾಗಲ್ಲ. (ಸ್ಪಾಯ್ಲರ್ ಇದೆ, ನೋಡದೇ ಇರೋರು ಇಲ್ಲೇ ನಿಲ್ಲಿಸಿ.)

2004ರ ಸಿನಿಮಾ ನಿಜವಾಗ್ಲೂ ಗಟ್ಟಿ. ಸೂಪರ್‌ಹೀರೋಗಳಿಗೆ ನಿಷೇಧ ಆಗಿ, ಬಾಬ್ ಇನ್ಶೂರೆನ್ಸ್ ಕಂಪನೀಲಿ ಪುಟ್ಟ ಕ್ಯೂಬಿಕಲ್‌ನಲ್ಲಿ ಮುದುಡಿಕೊಂಡು ಕೂತಿರ್ತಾನೆ. ಒಬ್ಬ ಅಜ್ಜಿಗೆ ಕ್ಲೇಮ್ ಹೆಂಗೆ ಪಾಸ್ ಮಾಡಿಸ್ಕೋಬೇಕು ಅಂತ ಗುಟ್ಟಾಗಿ ಹೇಳಿಕೊಡ್ತಾನೆ. ಬಾಸ್‌ಗೆ ಷೇರುದಾರರದ್ದೇ ಚಿಂತೆ. ಬಿಕಾಂ ಸೇರಿದ ಮೇಲೆ ಈ ಸೀನ್ ನೋಡಿದ್ರೆ ನಗು ಬರಲ್ಲ ಕಣ್ರೋ. ವಿಲನ್ ಸಿಂಡ್ರೋಮ್ ಕೂಡ ಎಲ್ಲಿಂದಲೋ ಉದುರಿದವನಲ್ಲ. ಹುಡುಗನಾಗಿದ್ದಾಗ ಬಾಬ್ ಬೈದು ಕಳಿಸಿದ ಅಭಿಮಾನಿ. ಬಾಬ್ ತಪ್ಪೇ ತಿರುಗಿ ಬಂದು ಬಾಬ್‌ನ ಹಿಡಿಯುತ್ತೆ.

ಎರಡನೇದು ಬಂದಿದ್ದು 14 ವರ್ಷ ಆದ್ಮೇಲೆ, ಕಥೆ ಮಾತ್ರ ಮೊದಲನೇದು ನಿಂತ ಜಾಗದಿಂದಲೇ ಶುರು. ಅದೇ ನಿರ್ದೇಶಕ ಬ್ರಾಡ್ ಬರ್ಡ್. ಕಥೆಯ ಅಚ್ಚೂ ಅದೇ: ದುಡ್ಡಿರೋರು ಕರೆದು ಕೆಲಸ ಕೊಡ್ತಾರೆ, ಕರೆದವರಲ್ಲೇ ವಿಲನ್ ಇರ್ತಾರೆ. ಎವೆಲಿನ್ ಮೇಲೆ ಇಂಟರ್‌ವಲ್‌ಗೆ ಮೊದಲೇ ಡೌಟ್ ಬರುತ್ತೆ. ಅವಳಿಗೆ ಕೋಪ ಯಾಕೆ ಅಂತ ಮಾತಲ್ಲಿ ಹೇಳ್ತಾರೆ ಅಷ್ಟೇ, ಸಿಂಡ್ರೋಮ್‌ದು ಚುಚ್ಚಿದ ಹಾಗೆ ಚುಚ್ಚಲ್ಲ. ನನ್ನ ಮಾರ್ಕು: ಮೊದಲನೇದಕ್ಕೆ 9, ಎರಡನೇದಕ್ಕೆ 7.

ಆದ್ರೆ ಆ 7ರಲ್ಲಿ ಒಂದು ಭಾಗ ಇದೆ.

2018ರಲ್ಲಿ ಓರಿಯನ್ ಮಾಲ್‌ನಲ್ಲಿ ನಾವು ನಾಲ್ಕೂ ಜನ ನೋಡಿದ್ವಿ. ಜ್ಯಾಕ್-ಜ್ಯಾಕ್ ರಕೂನ್ ಜೊತೆ ಕಿತ್ತಾಡೋವಾಗ ತಂಗಿ ಪಾಪ್‌ಕಾರ್ನ್ ಚೆಲ್ಲಿದ್ಲು. ಅಷ್ಟೇ ನೆನಪು. ಹೆಲನ್ ಕೆಲಸಕ್ಕೆ ಹೋಗೋದು, ಬಾಬ್ ಮನೇಲಿ ಮಕ್ಕಳನ್ನ ನೋಡ್ಕೊಳ್ಳೋದು, ಅದೆಲ್ಲ ಕಾಮಿಡಿ ಅಂದ್ಕೊಂಡಿದ್ದೆ.

2020ರ ಲಾಕ್‌ಡೌನ್‌ನಲ್ಲಿ ಕಾಮಾಕ್ಷಿಪಾಳ್ಯದಲ್ಲಿ ಅಪ್ಪ ಕೆಲಸ ಮಾಡ್ತಿದ್ದ ಲೇತ್ ಶಾಪ್ ಮುಚ್ಚಿತು. ಅಮ್ಮ ವಿಜಯನಗರದ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಬಿಲ್ಲಿಂಗ್‌ಗೆ ಸೇರಿದ್ಲು. ಮನೇಲಿ ಅಪ್ಪ, ನಾನು, ಐದನೇ ಕ್ಲಾಸಿನ ತಂಗಿ, ಒಂದೇ ಫೋನು. ಅವಳ ಭಿನ್ನರಾಶಿ ಲೆಕ್ಕ ಅಪ್ಪಂಗೆ ಬರ್ತಿರ್ಲಿಲ್ಲ. "ನಮ್ಮ ಕಾಲದಲ್ಲಿ ಹಿಂಗಿರ್ಲಿಲ್ಲ" ಅಂತ ರೇಗೋರು. ರಾತ್ರಿ ಅವಳು ಮಲಗಿದ ಮೇಲೆ ನನ್ ಹತ್ರ ಮೆಲ್ಲಗೆ ಬಂದು "ಅದು ಯೂಟ್ಯೂಬ್‌ನಲ್ಲಿ ಹಾಕ್ಕೊಡೋ" ಅನ್ನೋರು. ಅಮ್ಮ ಸಂಬಳ ತಂದ ದಿನ ಜಾಸ್ತಿ ಮಾತಾಡ್ತಿರ್ಲಿಲ್ಲ. ಸಿಟ್ಟಲ್ಲ ಅದು. ಏನು ಅಂತ ಆಗ ನಂಗೆ ಗೊತ್ತಾಗ್ಲಿಲ್ಲ.

ಸಿನಿಮಾದಲ್ಲೂ ಅದೇ ಇದೆ. ಹೆಲನ್ ಫೋನ್ ಮಾಡಿ ಖುಷೀಲಿ ಹೇಳ್ಕೊಳ್ತಾಳೆ, ಬಾಬ್ ಹಲ್ಲು ಕಚ್ಕೊಂಡು "ತುಂಬಾ ಖುಷಿ ಆಯ್ತು" ಅನ್ನೋ ಥರ ಮಾತಾಡ್ತಾನೆ. ಖುಷೀನೂ ನಿಜ, ಹೊಟ್ಟೆಕಿಚ್ಚೂ ನಿಜ. ಮಗನ ಲೆಕ್ಕ ಬದಲಾಗಿದೆ ಅಂತ ಕೂಗಾಡ್ತಾನೆ. ಆಮೇಲೆ ರಾತ್ರಿ ಒಬ್ಬನೇ ಕೂತು ಅದನ್ನ ಕಲೀತಾನೆ. ಮೊದಲ ಸಿನಿಮಾದ ಬಾಬ್ ಗೋಡೆ ಒಡೀತಿದ್ದ. ಇಲ್ಲಿ ಕಣ್ಣು ಕೆಂಪಾಗಿ, ಗಡ್ಡ ಬಿಟ್ಕೊಂಡು ಪುಸ್ತಕ ಹಿಡ್ಕೊಂಡಿದ್ದಾನೆ.

ಭಾನುವಾರ ಅದೇ ಸೀನ್ ಬರೋವಾಗ ಅಪ್ಪ ಕಾಫಿ ಲೋಟ ಹಿಡ್ಕೊಂಡು ಹಾಲ್ ದಾಟ್ತಿದ್ರು. ನಿಂತ್ರು. ಪೂರ್ತಿ ಮುಗಿಯೋವರೆಗೂ ನೋಡಿದ್ರು.

"ಪಾಪ, ಅವನಿಗೆ ಯೂಟ್ಯೂಬ್ ಹಾಕ್ಕೊಡೋರು ಯಾರೂ ಇರ್ಲಿಲ್ಲ."

ಅಷ್ಟು ಹೇಳಿ ಅಡುಗೆಮನೆಗೆ ಹೋದ್ರು.