ಓದು ಮುಗಿದ ಮೇಲೆ

ಮಕ್ಕಳನ್ನು ದೂರದೇಶಕ್ಕೆ ಕಳಿಸಿಕೊಡುವ ರೀತಿ ನಮಗೆ ಗೊತ್ತಿದೆ. ಹೊರಡುವ ದಿನ ತೋಳಿಗೆ ಇಮಾಮ್ ಜಾಮಿನ್ ಕಟ್ಟುತ್ತೇವೆ. ಉಪ್ಪಿನಕಾಯಿ ಡಬ್ಬಿಗೆ ನಾಲ್ಕು ಸುತ್ತು ಪ್ಲಾಸ್ಟಿಕ್ ಸುತ್ತಿ ಸೂಟ್‌ಕೇಸಿನ ಮೂಲೆಗೆ ತುರುಕುತ್ತೇವೆ. ವ್ಯಾನು ತುಂಬ ನೆಂಟರು ದೇವನಹಳ್ಳಿಯ ವಿಮಾನ ನಿಲ್ದಾಣದವರೆಗೆ ಹೋಗಿ, ಗಾಜಿನ ಬಾಗಿಲಿನ ಈಚೆ ನಿಂತು ದುವಾ ಮಾಡುತ್ತೇವೆ. ಮರಳಿ ಬಂದವರನ್ನು ಬರಮಾಡಿಕೊಳ್ಳುವ ರೀತಿಯೂ ಗೊತ್ತು. ಬಿರಿಯಾನಿಯ ದೇಗ್ ಒಲೆ ಏರಿದರೆ ಮುಗಿಯಿತು. ಆದರೆ ಓದು ಮುಗಿದು, ಇನ್ನೂ ಊರಿಗೆ ಹೊರಡದ ಆ ನಡುವಿನ ಕೆಲವು ವಾರಗಳಿವೆಯಲ್ಲ, ಅವಕ್ಕೆ ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ. ಆ ವಾರಗಳನ್ನು ಮಕ್ಕಳು ಒಬ್ಬರೇ ಕಳೆಯುತ್ತಾರೆ.

ನಮ್ಮ ಅಕ್ಕನ ಮಗಳು 2023ರಲ್ಲಿ ಜಲ ಎಂಜಿನಿಯರಿಂಗ್ ಓದಲು ಬರ್ಲಿನ್‌ಗೆ ಹೋದಳು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ಕೇಳುವುದಿಲ್ಲ. ಆದರೆ ಒಂದು ವರ್ಷದ ಊಟ-ವಸತಿಯ ಹಣ ಬ್ಯಾಂಕಿನಲ್ಲಿದೆ ಎಂದು ಮೊದಲೇ ತೋರಿಸಬೇಕು. ಆ ವರ್ಷ ಅದು 11,208 ಯೂರೋ, ಅಂದರೆ ಸುಮಾರು ಹತ್ತು ಲಕ್ಷ ರೂಪಾಯಿ. ಭಾವ ಶಿರಾದ ನಿವೇಶನವನ್ನು ಅಡವಿಟ್ಟು ಸಾಲ ತಂದರು. ನಮ್ಮಂಥ ಎಷ್ಟೋ ಮನೆಗಳು ಹೀಗೆ ಮಾಡಿವೆ. 2023-24ರ ಚಳಿಗಾಲದ ಅವಧಿಯಲ್ಲಿ ಜರ್ಮನಿಯಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಹೊರದೇಶದವರಲ್ಲಿ ಅವರದೇ ದೊಡ್ಡ ಗುಂಪು.

2025ರ ಆಗಸ್ಟಿನಲ್ಲಿ ಹುಡುಗಿ ಪ್ರಬಂಧ ಒಪ್ಪಿಸಿದಳು. ಸೆಪ್ಟೆಂಬರ್ 30ಕ್ಕೆ ಅಲ್ಲಿಯ ಸೆಮಿಸ್ಟರ್ ಮುಗಿಯುತ್ತದೆ. ವಿದ್ಯಾರ್ಥಿಯಲ್ಲದ ಮೇಲೆ ವಿದ್ಯಾರ್ಥಿ ನಿಲಯದಲ್ಲಿ ಜಾಗವಿಲ್ಲ, ಕೋಣೆ ಖಾಲಿ ಮಾಡಲೇಬೇಕು. ರಾತ್ರಿ ನಮ್ಮ ಊಟ ಮುಗಿಯುವ ಹೊತ್ತಿಗೆ ಅಲ್ಲಿ ಇನ್ನೂ ಸಂಜೆಯ ಬಿಸಿಲು. ಅವಳು ಫೋನನ್ನು ಕಿಟಕಿಗೆ ಒರಗಿಸಿಟ್ಟು ಕೆಲಸ ಮಾಡುತ್ತಿದ್ದಳು, ನಾವು ನೋಡುತ್ತ ಕೂರುತ್ತಿದ್ದೆವು. ಗೋಡೆಗೆ ಅಂಟಿಸಿದ್ದ ಚಿತ್ರ ಕಿತ್ತ ಕಡೆ ಸುಣ್ಣದ ಬಣ್ಣ ಬಳಿಯುತ್ತಿದ್ದಳು. ಖಾಲಿ ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದು ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಮರಳಿ ಬರುತ್ತದಂತೆ. ಇಲ್ಲಿಂದ ಒಯ್ದಿದ್ದ ಪ್ರೆಶರ್ ಕುಕ್ಕರನ್ನು ಹೊಸದಾಗಿ ಬಂದ ಕೇರಳದ ಹುಡುಗಿಗೆ ಕೊಟ್ಟಳು. ಸೈಕಲ್ಲನ್ನು ಮಾತ್ರ ಯಾರಿಗೂ ಕೊಡಲಿಲ್ಲ. ನಾವು ಅದನ್ನು ಗಮನಿಸಿದೆವು, ಕೇಳಲಿಲ್ಲ.

ಇಲ್ಲಿ ಮನೆಯಲ್ಲಿ ಆಗಲೇ ಪಂಚಾಯಿತಿ ಶುರುವಾಗಿತ್ತು. ಓದು ಮುಗಿಸಿದವರು ಕೆಲಸ ಹುಡುಕಲು ಅಲ್ಲಿ ಹದಿನೆಂಟು ತಿಂಗಳವರೆಗೆ ಉಳಿಯಬಹುದು ಎನ್ನುತ್ತದೆ ಅವರ ಕಾನೂನು. ಭಾವನಿಗೆ ಸಾಲದ ಕಂತಿನ ಲೆಕ್ಕ: ಅಲ್ಲಿಯ ಎರಡು ವರ್ಷದ ಸಂಬಳದಲ್ಲಿ ತೀರುವ ಸಾಲ ಇಲ್ಲಿ ಹತ್ತು ವರ್ಷ ಹಿಡಿಯುತ್ತದೆ. ಅಕ್ಕನಿಗೆ ಬೇರೆಯೇ ಚಿಂತೆ. ತುಮಕೂರಿನ ಕಡೆಯಿಂದ ಎರಡು ಪೈಗಾಮ್ ಬಂದಿದ್ದವು, ಒಂದು ಮನೆಯವರಂತೂ "ಹುಡುಗಿ ವಾಪಸ್ ಬರುತ್ತಾಳೆ ತಾನೆ?" ಎಂದು ಮೂರು ಸಲ ಕೇಳಿದ್ದರು. ಎಂಬತ್ತು ದಾಟಿದ ದಾದಿಗೆ ಯಾವ ಲೆಕ್ಕವೂ ಇಲ್ಲ, "ನನ್ನ ಕಣ್ಣು ಮುಚ್ಚುವುದರೊಳಗೆ ಒಂದು ಸಲ" ಎಂಬ ಮಾತೊಂದೇ. ಮೂವರ ಮಾತೂ ನಿಜವೇ. ಆದರೆ ಮೂವರಲ್ಲಿ ಒಬ್ಬರೂ ಅವಳು ಎರಡು ವರ್ಷ ಏನು ಓದಿದಳು ಎಂದು ಕೇಳಲಿಲ್ಲ.

ಅವಳಿದ್ದ ಬೀದಿಯ ಕೊನೆಯಲ್ಲಿ ತುರ್ಕಿಯವರ ಬೇಕರಿಯೊಂದಿದೆ. ಅಲ್ಲಿ ಗಲ್ಲೆಯ ಪಕ್ಕ ಕೂರುವ ಅಜ್ಜಿ ಇವಳನ್ನು ಮಗಳೇ ಎಂದೇ ಕರೆಯುವುದು. 1961ರಲ್ಲಿ ಪಶ್ಚಿಮ ಜರ್ಮನಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಆಳುಗಳನ್ನು ತರಿಸಿಕೊಂಡಿತು. ಮೊದಮೊದಲು ಎರಡೇ ವರ್ಷದ ಪರವಾನಗಿ. ಅಜ್ಜಿಯ ಗಂಡ ಹಾಗೆ ಬಂದವರು. ಎರಡು ವರ್ಷ ಮುಗಿದರೆ ಹೋಗೋಣ, ಮಗ ಶಾಲೆ ಮುಗಿಸಲಿ ಹೋಗೋಣ, ಮೊಮ್ಮಗ ಹುಟ್ಟಲಿ ಹೋಗೋಣ... ಗಂಡ ಅಲ್ಲೇ ಮಣ್ಣಾದರು. ವಿದಾಯ ಹೇಳಲು ಹೋದವಳಿಗೆ ಅಜ್ಜಿ ಒಂದು ಚೀಲ ರೊಟ್ಟಿ ಕೊಟ್ಟು, "ಇರುವುದಾದರೆ ಇರಲೆಂದೇ ಇರು, ಹೋಗುವುದಾದರೆ ಹೋಗಲೆಂದೇ ಹೋಗು, ನಮ್ಮ ಹಾಗೆ ನಾಳೆ ನಾಳೆ ಅನ್ನಬೇಡ" ಎಂದರಂತೆ. ಹುಡುಗಿ ಇದನ್ನು ನಗುತ್ತಲೇ ಹೇಳಿದಳು, ಆದರೆ ದನಿ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಬರ್ಲಿನ್ ಎಂದರೆ ನಮಗೆ ನೆನಪಾಗುವುದು ಇನ್ನೊಬ್ಬ ವಿದ್ಯಾರ್ಥಿ. ಉರ್ದು ಶಾಲೆಯಲ್ಲಿ ನಾವು 'ಅಬ್ಬೂ ಖಾನ್ ಕೀ ಬಕ್ರಿ' ಪಾಠ ಓದಿದ್ದೆವು. ಹಗ್ಗ ಬಿಡಿಸಿಕೊಂಡು ಬೆಟ್ಟ ಹತ್ತಿ, ರಾತ್ರಿಯೆಲ್ಲ ತೋಳದ ಜೊತೆ ಸೆಣಸುವ ಚಾಂದನಿ ಎಂಬ ಮೇಕೆಯ ಕತೆ. ಅದನ್ನು ಬರೆದ ಡಾ. ಜಾಕಿರ್ ಹುಸೇನರು ಆಮೇಲೆ ರಾಷ್ಟ್ರಪತಿಯಾದರು ಎಂಬುದು ಎಲ್ಲರಿಗೂ ಗೊತ್ತು. ಅವರು 1922ರಿಂದ ಬರ್ಲಿನ್‌ನಲ್ಲಿ ಅರ್ಥಶಾಸ್ತ್ರ ಓದಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಓದಿನ ಜೊತೆಗೆ ಅಲ್ಲಿಯ ಕಾವಿಯಾನಿ ಮುದ್ರಣಾಲಯದಲ್ಲಿ ತಾವೇ ಮೊಳೆ ಜೋಡಿಸಿ, ಗಾಲಿಬನ ದೀವಾನನ್ನು 1925ರಲ್ಲಿ ಅಚ್ಚು ಹಾಕಿಸಿದರು. ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಅವರ ಜೊತೆಗಾರರು.

ಆ ಮೂವರ ಕೊನೆಯ ದಿನಗಳೂ ಸುಲಭದವಾಗಿರಲಿಲ್ಲ. 1920ರಲ್ಲಿ ಅಲಿಗಢದಲ್ಲಿ ಹುಟ್ಟಿದ ಜಾಮಿಯಾ ಮಿಲ್ಲಿಯಾ ಖಿಲಾಫತ್ ಚಳವಳಿಯ ಹಣದ ಮೇಲೆ ನಿಂತಿತ್ತು. 1924ರಲ್ಲಿ ತುರ್ಕಿಯೇ ಖಿಲಾಫತ್ತನ್ನು ರದ್ದು ಮಾಡಿತು, ಇಲ್ಲಿ ಹಣದ ಒರತೆ ಬತ್ತಿತು. ಜಾಮಿಯಾ ಮುಚ್ಚಿಬಿಡುವುದೇ ಸರಿ ಎಂಬ ಮಾತು ಎದ್ದಿತು. ಸುದ್ದಿ ತಿಳಿದ ಈ ಗೆಳೆಯರು, ನಾವು ಬರುವತನಕ ಮುಚ್ಚಬೇಡಿ, ನಮ್ಮ ಬದುಕನ್ನು ಅದಕ್ಕೇ ಕೊಡುತ್ತೇವೆ ಎಂದು ಹಕೀಮ್ ಅಜ್ಮಲ್ ಖಾನರಿಗೆ ತಿಳಿಸಿದರು. 1926ರಲ್ಲಿ ಮೂವರೂ ಮರಳಿದರು. ಜಾಕಿರ್ ಹುಸೇನರಿಗೆ ಆಗ 29 ವರ್ಷ. ಎರಡು ವರ್ಷದ ನಂತರ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ ಇಪ್ಪತ್ತು ವರ್ಷ ದುಡಿಯುತ್ತೇವೆಂದು ಅಲ್ಲಿಯ ಅಧ್ಯಾಪಕರು ಪ್ರತಿಜ್ಞೆ ಮಾಡಿದರು. ಜಾಕಿರ್ ಹುಸೇನರು 1948ರವರೆಗೂ ಅದರ ಕುಲಪತಿಯಾಗಿದ್ದರು.

ಬರ್ಲಿನ್‌ನಲ್ಲಿ ಅವರಿಗೆ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಗೆಳತಿಯೊಬ್ಬರಿದ್ದರು. 1932-33ರ ಚಳಿಗಾಲದಲ್ಲಿ ಆಕೆಯೂ ಜಾಮಿಯಾಕ್ಕೆ ಬಂದರು. ಮಕ್ಕಳ ಪಾಲಿಗೆ 'ಆಪಾಜಾನ್' ಆದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವಳೆಂದು ಬ್ರಿಟಿಷರು ಬಂಧನದಲ್ಲಿಟ್ಟರೂ ಆಕೆಯ ಮನಸ್ಸು ಬದಲಾಗಲಿಲ್ಲ. 1943ರಲ್ಲಿ ತೀರಿಕೊಂಡ ಆಕೆಯ ಗೋರಿ ಜಾಮಿಯಾದ ಖಬರಸ್ತಾನದಲ್ಲೇ ಇದೆ. ಒಬ್ಬ ವಿದ್ಯಾರ್ಥಿ ಮರಳುವಾಗ ಏನೇನು ಹೊತ್ತು ತರಬಹುದು ಎಂಬುದಕ್ಕೆ 23 ಕಿಲೋದ ಮಿತಿ ಎಲ್ಲಿದೆ?

ಈ ಕತೆಯನ್ನು ನಮ್ಮವರು ಸಾಮಾನ್ಯವಾಗಿ ತ್ಯಾಗದ ಕತೆಯಾಗಿ ಹೇಳುತ್ತಾರೆ. ವಾಪಸ್ ಬಂದವರು ದೊಡ್ಡವರು, ಉಳಿದವರು ಸ್ವಾರ್ಥಿಗಳು ಎಂದು ಮಕ್ಕಳ ಮೇಲೆ ಹೊರಿಸುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಆ ಮೂವರನ್ನು ನೆಂಟರು ಕರೆಸಿಕೊಳ್ಳಲಿಲ್ಲ, ಒಂದು ಕೆಲಸ ಕರೆಸಿಕೊಂಡಿತು. ಮುಚ್ಚಿಹೋಗಬಹುದಾಗಿದ್ದ ಒಂದು ಶಾಲೆ, ಅವರು ಕಲಿತದ್ದು ಬೇಕಾಗಿದ್ದ ಒಂದು ಜಾಗ ಇಲ್ಲಿತ್ತು. ಇಂದು ನಮ್ಮ ಮಕ್ಕಳನ್ನು "ಬಾ" ಎನ್ನುವಾಗ ನಾವು ಎಲ್ಲಿಗೆ ಕರೆಯುತ್ತಿದ್ದೇವೆ? ಶಾದಿ ಮಹಲಿಗೆ, ಅಷ್ಟೇ. ಹೆಣ್ಣುಮಕ್ಕಳಿಗಂತೂ ಅದರಾಚೆಯ ವಿಳಾಸವನ್ನು ನಾವು ಕೊಡುವುದೇ ಇಲ್ಲ.

ಸೆಪ್ಟೆಂಬರಿನ ಕೊನೆಯ ವಾರ ಹುಡುಗಿ ನೇರವಾಗಿ ಕೇಳಿದಳು: "ಮಾಮು, ನೀವೇ ಹೇಳಿ. ಬಂದರೆ ನಾನು ಏನು ಮಾಡಲಿ?"

ನಾವು ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಶಿರಾ ಪಕ್ಕದ ಹಳ್ಳಿಯೊಂದರ ಶುದ್ಧ ನೀರಿನ ಘಟಕಕ್ಕೆ ಹೋಗಿ ಅದರ ಫೋಟೋ ತೆಗೆದು ಕಳಿಸಿದೆವು. ನಮ್ಮ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಅವಳಿಗೆ ಹೊಸದಲ್ಲ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದ ಆ ವಸ್ತು ಏನು ಮಾಡುತ್ತದೆಂದು ಶಾಲೆಯ ಗೆಳತಿಯರ ಕಂದು ಪಟ್ಟೆಯ ಹಲ್ಲುಗಳಲ್ಲಿ ನೋಡಿ ಬೆಳೆದವಳು. ನಾಣ್ಯ ಹಾಕಿದರೆ ಕ್ಯಾನು ತುಂಬುವ ಘಟಕಗಳು ಬಂದಮೇಲೆ ಕಷ್ಟ ತೀರಿತೆಂದು ನಾವು ಅಂದುಕೊಂಡಿದ್ದೆವು.

ಅರ್ಧ ಗಂಟೆಯಲ್ಲಿ ಅವಳ ಉತ್ತರ ಬಂತು. ಉತ್ತರವಲ್ಲ, ಪ್ರಶ್ನೆಗಳ ಪಟ್ಟಿ. ಬೋರು ಎಷ್ಟು ಅಡಿ ಆಳ? ಫಿಲ್ಟರನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ? ಸೋಸಿ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗಿರುತ್ತದೆ, ಅದನ್ನು ಎಲ್ಲಿಗೆ ಬಿಡುತ್ತಾರೆ? ಮತ್ತೆ ಹೋಗಿ ನೋಡಿದೆವು. ಘಟಕದ ಹಿಂದಿನ ಕೊಳವೆಯಿಂದ ಆ ನೀರು ಚರಂಡಿಗೆ ಇಳಿದು, ಚರಂಡಿಯಿಂದ ಹೊಲದಂಚಿನ ಗುಂಡಿಯಲ್ಲಿ ಇಂಗುತ್ತಿತ್ತು. ಸ್ವಲ್ಪ ದೂರದಲ್ಲೇ ಇನ್ನೊಂದು ಬೋರು.

ಹುಡುಗಿ ಹದಿನೆಂಟು ತಿಂಗಳ ಪರವಾನಗಿಗೆ ಅರ್ಜಿ ಹಾಕಿ, ಇನ್ನಿಬ್ಬರ ಜೊತೆ ಬಾಡಿಗೆ ಕೋಣೆಗೆ ಹೋದಳು. ಸೈಕಲ್ ಜೊತೆಗೇ ಇದೆ. ಡಿಸೆಂಬರಿನಲ್ಲಿ ದಾದಿಯನ್ನು ನೋಡಲು ಬರುವೆನೆಂದಿದ್ದಳು. ಬರುವಾಗ ನೀರು ಪರೀಕ್ಷಿಸುವ ಸಾಮಾನು ತರುತ್ತೇನೆ, ಬಾಟಲಿಗಳನ್ನು ತೊಳೆದಿಟ್ಟಿರಿ ಎಂದಳು.

ಅಂದು ರಾತ್ರಿ ಅಕ್ಕ ಕೇಳಿದಳು: "ಏನಂತೆ? ಬಂದುಬಿಡುತ್ತಾಳಂತಾ?"

"ಗೊತ್ತಿಲ್ಲ ಆಪಾ. ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತಿದ್ದಾಳೆ" ಎಂದೆವು.