ಮೊದಲು ತರಗು, ಆಮೇಲೆ ಸಿಪ್ಪೆ

ಸಮೇತನಹಳ್ಳಿಯಲ್ಲಿ ನಿಂತು ಗೊಬ್ಬರದ ಪಾಠ ಹೇಳಿದರೆ ಹಳಬರು ನಗಬೇಕು. ಹೊಸಕೋಟೆ ಸೀಮೆಯ ರಾಗಿ ಬೆಳೆದಿದ್ದೇ ತಿಪ್ಪೆಯ ಋಣದಲ್ಲಿ. ಆದರೆ ವೈಟ್‌ಫೀಲ್ಡ್ ಕಡೆಯಿಂದ ಲೇಔಟುಗಳು ಬಂದ ಮೇಲೆ ದನವಿಲ್ಲದ, ಹಿತ್ತಿಲೂ ಇಲ್ಲದ ಮನೆಗಳೇ ಹೆಚ್ಚಾಗಿ, ತಿಪ್ಪೆ ಎನ್ನುವುದು ಬೈಗುಳದಲ್ಲಷ್ಟೇ ಉಳಿಯುತ್ತಿದೆ. ಹೊಸದಾಗಿ ಹುಮ್ಮಸ್ಸು ಬಂದವರು ಡಬ್ಬ ಕೊಳ್ಳುತ್ತಾರೆ, ಯಾವುದೋ ಪುಡಿ ಕೊಳ್ಳುತ್ತಾರೆ, ಅಡುಗೆಮನೆಯ ಸಿಪ್ಪೆಯನ್ನೆಲ್ಲ ಸುರಿದು ಮುಚ್ಚಳ ಹಾಕುತ್ತಾರೆ. ವಾರಕ್ಕೆಲ್ಲ ಗಬ್ಬುನಾತ, ಮರುದಿನ ಡಬ್ಬ ಮೂಲೆಗೆ. ನನ್ನ ವಾದ ಚಿಕ್ಕದು: ಒಂದು ಮೂಟೆ ತರಗೆಲೆ ಕೂಡಿಡುವ ತನಕ ಸಿಪ್ಪೆಯ ಸುದ್ದಿಗೇ ಹೋಗಬಾರದು.

ತಿಪ್ಪೆಯನ್ನೇ ನೋಡಿ. ಅದಕ್ಕೆ ಬೀಳುತ್ತಿದ್ದದ್ದು ಬರೀ ಸೆಗಣಿಯೇ? ಗಂಜಲದಲ್ಲಿ ನೆಂದ ರಾಗಿಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ ಕಸಕಡ್ಡಿ ಎಲ್ಲ ಪದರ ಪದರವಾಗಿ ಸೇರುತ್ತಿತ್ತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ, ಜಗತ್ತು ‘ಬೆಂಗಳೂರು ವಿಧಾನ’ ಎಂದು ಕರೆಯುವ ಪದ್ಧತಿಯಲ್ಲೂ ಕಸ ಮತ್ತು ಮಲವನ್ನು ಒಂದರ ಮೇಲೊಂದು ಪದರವಾಗಿಯೇ ಹಾಕಿ ಮಣ್ಣು ಮುಚ್ಚುತ್ತಿದ್ದರು. ಲೆಕ್ಕ ಇಷ್ಟೇ: ಕೊಳೆಸುವ ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಅದು 20ರ ಆಸುಪಾಸು, ಒಣ ಎಲೆಯಲ್ಲಿ 50ಕ್ಕೂ ಮೇಲೆ. ಬರೀ ಸಿಪ್ಪೆ ಹಾಕಿದರೆ ಮಿಕ್ಕ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಅಡರುತ್ತದೆ. ಸಿಪ್ಪೆಯ ನೀರು ಗಾಳಿಯ ದಾರಿ ಕಟ್ಟುತ್ತದೆ. ಅವರೆಕಾಲದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಹಿತಕಿದ ಬೇಳೆ ಸಾರು ಮಾಡಿದ ದಿನ ಕಾಳಿಗಿಂತ ಸಿಪ್ಪೆಯ ರಾಶಿಯೇ ದೊಡ್ಡದು. ಹಿತಕಿ ತೆಗೆದ ಜಾರು ಸಿಪ್ಪೆ ಹಾಗೇ ಗೊಬ್ಬರದ ಮಡಕೆಗೆ ಬಿದ್ದರೆ ಒಂದಕ್ಕೊಂದು ಅಂಟಿ ಹಪ್ಪಳದಂತೆ ಕೂರುತ್ತದೆ. ಅದಕ್ಕೆ ಎರಡರಷ್ಟು ತರಗು ಕೈಯಿಂದ ಹಿಸುಕಿ ಬೆರೆಸಿ. ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮುದ್ದೆ ಕಟ್ಟುವ ಕೈಗೆ ಈ ಹದ ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕನೇ ದಿನ ಒಳಗೆ ಬೆರಳಿಟ್ಟರೆ ಬೆಚ್ಚಗಿರುತ್ತದೆ.

ಹುಳ ಬೀಳುತ್ತದಲ್ಲ ಎನ್ನುತ್ತಾರೆ. ಬೀಳುತ್ತದೆ, ಬೀಳಲಿ. ಅವು ಕಚ್ಚುವುದಿಲ್ಲ, ತಿಂದು ಕೆಲಸ ಮುಗಿಸುತ್ತವೆ. ತೀರಾ ಮುಲುಗುಟ್ಟಿದರೆ ಇನ್ನೆರಡು ಹಿಡಿ ತರಗು. ಎಲೆ ಎಲ್ಲಿಂದ ತರೋಣ ಎಂದರೆ, ಯುಗಾದಿಗೆ ಮುಂಚೆ ಹೊಂಗೆ ಉದುರಿಸುವುದನ್ನು ಗುಡಿಸಿ ಬೆಂಕಿ ಇಡುವವರನ್ನು ಕೇಳಿ. ನೀಲಗಿರಿ ಎಲೆ ಮಾತ್ರ ಬೇಡ, ಎಣ್ಣೆಯ ಜಿಗುಟಿಗೆ ಬೇಗ ಕರಗದು. ಹೊಸಕೋಟೆ ಬಿರಿಯಾನಿಯ ಮೂಳೆಯೂ ಬೇಡ, ಇಲಿ ನಾಯಿಗಳಿಗೆ ಕರೆಯೋಲೆ ಕೊಟ್ಟಂತೆ. ‘ಒಂದು ಮಡಕೆಯಿಂದೇನು, ಕಸದ ಗಾಡಿ ಬರುತ್ತದಲ್ಲ?’ ಎಂಬುದು ಗಟ್ಟಿ ಪ್ರಶ್ನೆ. ಗಾಡಿಯೇನೋ ಬರುತ್ತದೆ, ಹೋಗುವುದೆಲ್ಲಿಗೆ? ಹಳೇ ಮದ್ರಾಸ್ ರಸ್ತೆಯ ಆಚೆ ಮಂಡೂರಿನವರು 2014ರಲ್ಲಿ ಬೀದಿಗಿಳಿಯುವವರೆಗೆ ಬೆಂಗಳೂರಿನ ಗಾಡಿಗಳು ಹೋಗುತ್ತಿದ್ದದ್ದು ಅವರ ಊರಿಗೆ. ಅಲ್ಲಿ ನಾರಿದ್ದೂ ಬಹುಪಾಲು ಅಡುಗೆಮನೆಯ ಹಸಿಯೇ.

ಮೂರು ತಿಂಗಳಿಗೆ ಜರಡಿ ಹಿಡಿಯಬಹುದು. ಕೆಳಗೆ ಕಾಫಿಪುಡಿಯಂಥದ್ದು ಉದುರುತ್ತದೆ. ಮೇಲುಳಿದ ಮಾವಿನ ವಾಟೆ, ತೆಂಗಿನ ನಾರನ್ನು ಎಸೆಯಬೇಡಿ. ಮುಂದಿನ ಮಡಕೆಯ ತಳಕ್ಕೆ ಅವು ಹೆಪ್ಪು.