ಚಿರತೆಗೆ ದಾರಿ ಬಿಟ್ಟ ಹೆದ್ದಾರಿ

ರಷ್ಯಾ ದೇಶದ ಪೂರ್ವದ ತುದಿಯಲ್ಲಿ, ವ್ಲಾದಿವೋಸ್ತೋಕ್ ಬಂದರಿನ ನೈಋತ್ಯಕ್ಕೆ, ಕಿರಿದಾದ ನೆಲಪಟ್ಟಿಯೊಂದುಂಟು. ಒಂದು ಮಗ್ಗುಲಲ್ಲಿ ಜಪಾನ್ ಸಮುದ್ರ; ಇನ್ನೊಂದು ಮಗ್ಗುಲಲ್ಲಿ ಚೀನಾದ ಗಡಿ. ನಡುವಣ ಬೆಟ್ಟಗಳನ್ನು ಚಳಿಗಾಲದಲ್ಲಿ ಹಿಮ ಆವರಿಸುತ್ತದೆ. ಬಿಸಿಲಿಗೆ ಕಾದ ಕಲ್ಲುಗುಡ್ಡಗಳಲ್ಲಿ ಚಿರತೆಯ ಸುದ್ದಿ ಕೇಳಿ ಬೆಳೆದ ಕನ್ನಡಿಗನಿಗೆ, ಅದೇ ಪ್ರಾಣಿಯ ದಾಯಾದಿ ಈ ಹಿಮದಲ್ಲಿ ಹೆಜ್ಜೆಯೂರಿ ಬದುಕುತ್ತಿದೆಯೆಂದರೆ ಸೋಜಿಗವೆನಿಸದಿರದು.

ಇದೇ ಅಮೂರ್ ಚಿರತೆ. ಚಳಿಗಾಲದಲ್ಲಿ ಇದರ ತುಪ್ಪಳು ನೀಳವಾಗಿ ದಟ್ಟವಾಗುತ್ತದೆ. ಮೈಬಣ್ಣ ಮಾಸಿದ ಹೊನ್ನಿನಂತೆ ತಿಳಿಯಾಗುತ್ತದೆ. ಆ ಚೆಲುವೇ ಅದಕ್ಕೆ ಮುಳುವಾಯಿತು. ಚರ್ಮದಾಸೆಯ ಬೇಟೆಗಾರರು ಒಂದೆಡೆ. ಸಾಕಿದ ಜಿಂಕೆಗಳನ್ನು ಕಾಯಲು ಕೋವಿ ಹಿಡಿದವರು ಮತ್ತೊಂದೆಡೆ. ಒಣಹುಲ್ಲಿಗಿಟ್ಟ ಬೆಂಕಿ ವರುಷ ವರುಷವೂ ಕಾಡಿನಂಚನ್ನು ನುಂಗುತ್ತ ಬಂತು. ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ಕಾಡಿನಲ್ಲಿ ಉಳಿದಿದ್ದವು ಸುಮಾರು 30 ಮಾತ್ರ!

1916ರಲ್ಲಿಯೇ ಇಲ್ಲಿ ಕೆದ್ರೊವಾಯಾ ಪಾದ್ ಎಂಬ ರಕ್ಷಿತಾರಣ್ಯವನ್ನು ಸ್ಥಾಪಿಸಲಾಗಿತ್ತು. ಆದರೆ ಒಂದೊಂದು ಚಿರತೆಗೂ ಬೆಟ್ಟದಾಚೆ ಬೆಟ್ಟ ಬೇಕು; ಆ ಪುಟ್ಟ ಕಾಡು ಅವುಗಳಿಗೆ ಸಾಲುವುದೆಂತು? 2012ರಲ್ಲಿ ಸುಮಾರು 2,600 ಚದರ ಕಿಲೋಮೀಟರು ವಿಸ್ತಾರದ ‘ಚಿರತೆಯ ನಾಡು’ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬಂತು. ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ಹಗಲಿರುಳೂ ಕಾವಲು ಕುಳಿತವು. ಒಂದರ ಮೈಮೇಲಿನ ಚುಕ್ಕೆಗಳ ವಿನ್ಯಾಸ ಇನ್ನೊಂದಕ್ಕಿಲ್ಲ. ಚಿತ್ರ ನೋಡಿಯೇ ಅವುಗಳನ್ನು ಗುರುತಿಸಿ ಎಣಿಸುತ್ತಾರೆ.

ಆದರೂ ಒಂದು ತೊಡಕಿತ್ತು. ದಕ್ಷಿಣದ ಹಸಾನಿಗೆ ಹೋಗುವ ಹೆದ್ದಾರಿ, ನಾರ್ವಾ ಕಣಿವೆದಾರಿಯ ಬಳಿ, ಚಿರತೆಗಳು ಹಾಯುವ ಜಾಡಿಗೇ ಅಡ್ಡವಾಗಿತ್ತು. ಪ್ರಾಣಿಯನ್ನು ಬೇರೆಡೆಗೆ ಅಟ್ಟುವುದು ಸುಲಭದ ಉಪಾಯ. ಇಲ್ಲಿ ನಡೆದದ್ದು ಅದಕ್ಕೆ ವಿರುದ್ಧ: ಬೆಟ್ಟದ ಒಡಲಲ್ಲಿ ಅರ್ಧ ಕಿಲೋಮೀಟರಿಗೂ ಉದ್ದವಾದ ಸುರಂಗವನ್ನು ಕೊರೆದು, 2016ರಲ್ಲಿ ಮನುಷ್ಯರ ವಾಹನಗಳನ್ನೇ ನೆಲದಡಿಗೆ ಇಳಿಸಲಾಯಿತು. ಬೆಟ್ಟದ ಮೇಲುಗಡೆ ಚಿರತೆಗೆ ಉಳಿಯಿತು.

ಇಂದು ಅವುಗಳ ಸಂಖ್ಯೆ ನೂರನ್ನು ಮೀರಿದೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಇವೆಲ್ಲವೂ ಅಳಿದುಳಿದ ಕೆಲವೇ ಚಿರತೆಗಳ ಸಂತತಿ. ಹತ್ತಿರದ ರಕ್ತಸಂಬಂಧದಲ್ಲಿಯೇ ಮರಿಗಳಾದರೆ ವಂಶ ಸೊರಗುತ್ತದೆ. ಒಂದು ಸಾಂಕ್ರಾಮಿಕ ರೋಗ, ಒಂದು ಕಾಳ್ಗಿಚ್ಚು ಸಾಕು, ವರ್ಷಗಳ ದುಡಿಮೆ ಮಣ್ಣುಪಾಲಾಗಲು. ಗಡಿಯಾಚೆ ಚೀನಾ 2021ರಲ್ಲಿ ಹುಲಿ ಚಿರತೆಗಳಿಗಾಗಿ ಸುಮಾರು 14,000 ಚದರ ಕಿಲೋಮೀಟರಿನ ಉದ್ಯಾನವನ್ನು ವಿಧ್ಯುಕ್ತವಾಗಿ ಸ್ಥಾಪಿಸಿದ್ದರಿಂದ, ಅವು ಹಬ್ಬಿ ಬಾಳಲು ಇನ್ನಷ್ಟು ನೆಲ ದೊರೆತಂತಾಗಿದೆ.

ಈ ನಾಡಿಗೆ ಹೋದ ಪ್ರವಾಸಿಗೆ ಚಿರತೆಯ ದರ್ಶನಭಾಗ್ಯ ಲಭಿಸುವುದು ಅಪೂರ್ವ. ಆದರೆ ನಾರ್ವಾ ಸುರಂಗವನ್ನು ಅವನು ದಾಟಬಹುದು. ಕಾರಿನಲ್ಲಿ ಅದು ಒಂದು ನಿಮಿಷದ ಹಾದಿ. ಆ ನಿಮಿಷದಲ್ಲಿ ಅವನ ನೆತ್ತಿಯ ಮೇಲಿನ ಕಾಡಿನಲ್ಲಿ, ಕೆಳಗೆ ಯಾರು ಹೋಗುತ್ತಿದ್ದಾರೆಂಬ ಪರಿವೆಯೇ ಇಲ್ಲದೆ, ಚಿರತೆಯೊಂದು ತನ್ನ ಪಾಡಿಗೆ ತಾನು ನಡೆದುಹೋಗುತ್ತಿರಲೂಬಹುದು.